ಹುಣಿಸೆ ಗಿಡದ ನ್ಯಾಯಕ್ಕೆ ಜಪಾನಿನವರೆಗೆ

ಜಪಾನಿಗೆ ಹೋಗಿ ಫುಜಿ ಪರ್ವತ ನೋಡದೆ ಬಂದವರು ಶಿಕಾರಿಪುರ ತಾಲ್ಲೂಕಿನಲ್ಲಿ ಬಹುಶಃ ನಾನೊಬ್ಬಳೇ ಇರಬೇಕು. ಸೊರಬ ತಾಲ್ಲೂಕಿನ ಲೆಕ್ಕಕ್ಕೆ ನನ್ನ ನಾದಿನಿ ಸುಮಿತ್ರಾ ಇದ್ದಾಳೆ. ಊರಿಗೆ ಬಂದ ಮೇಲೆ ಸಿಕ್ಕವರೆಲ್ಲ ಮೊದಲು ಕೇಳಿದ್ದು ಫುಜಿಯನ್ನೇ. ನೋಡಲಿಲ್ಲ ಅಂದರೆ, “ಮತ್ತ ಅಲ್ಲಿತನ ಏನ್ ನೋಡಾಕ ಹೋಗಿದ್ರಿ?” ಅನ್ನುತ್ತಾರೆ. ಒಂದು ಹುಣಿಸೆ ಗಿಡದ ನ್ಯಾಯ ತೀರಿಸಿಕೊಂಡು ಬರಲು ಹೋಗಿದ್ದೆವು ಅಂದರೆ ನಗುತ್ತಾರೆ, ನಂಬುವುದಿಲ್ಲ. ದಿನಾ ಒಬ್ಬೊಬ್ಬರಿಗೆ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ಬರೆದೇಬಿಡುವುದು ವಾಸಿ ಅನ್ನಿಸಿತು.

ಹೊರಡುವ ಮೊದಲು, ಶಿಕಾರಿಪುರ

ನಮ್ಮ ಯಜಮಾನರದು ಪಂಪ್‌ಸೆಟ್ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಮೋಟರಿನಿಂದ ಬಿಚ್ಚಿದ ತಾಮ್ರದ ತಂತಿ ನಮ್ಮ ಮನೆಯಲ್ಲಿ ಯಾವಾಗಲೂ ಕಾಲಿಗೆ ತೊಡರುತ್ತಿರುತ್ತದೆ. ಬೋನ್ಸಾಯ್ ಮಾಡುವವರು ಕೊಂಬೆ ಬಾಗಿಸಲು ತಾಮ್ರದ ತಂತಿಯನ್ನೇ ಸುತ್ತುತ್ತಾರೆ ಎಂದು ಫೋನಿನಲ್ಲಿ ನೋಡಿದ ದಿನ ನನಗೆ ಈ ಹವ್ಯಾಸ ಅಂಟಿಕೊಂಡಿತು. ಬೇರೆಯವರು ಗಿಡದ ಮೇಲಿನ ಪ್ರೀತಿಯಿಂದ ಶುರು ಮಾಡುತ್ತಾರಂತೆ. ನಾನು ಶುರು ಮಾಡಿದ್ದು ಇಷ್ಟೊಂದು ತಂತಿ ದಂಡವಾಗುತ್ತದಲ್ಲ ಎಂಬ ಸಂಕಟದಿಂದ.

ಅಂಗಡಿಯಿಂದ ಸಿದ್ಧ ಗಿಡ ತಂದು ಬಾಗಿಸುವುದು ಮೋಸ, ಬೀಜದಿಂದಲೇ ಬೆಳೆಸಬೇಕು ಎಂಬುದೊಂದು ಹಟವೂ ನನಗಿತ್ತು. ಬೀಜಕ್ಕೆ ಬರವಿರಲಿಲ್ಲ. ಸೊರಬದ ಸುಮಿತ್ರಾಳ ಹೊಲದ ಬದುವಿನ ಮೇಲೆ ಒಂದು ದೊಡ್ಡ ಹುಣಿಸೆ ಮರವಿತ್ತು. ಅದರ ಹಣ್ಣು ಪ್ರತಿ ಬೇಸಿಗೆಗೆ ಡಬ್ಬಿ ತುಂಬಿ ನಮ್ಮ ಮನೆಗೆ ಬರುತ್ತಿತ್ತು. ಹಣ್ಣು ಬಿಡಿಸಿ ಬಿಸಾಕುವ ಬೀಜವನ್ನು ಒಂದು ಬೇಸಿಗೆ ಬಿಸಾಕದೆ ನೀರಿನಲ್ಲಿ ನೆನೆಸಿ, ಒಡೆದ ಬಕೆಟ್ಟಿನಲ್ಲಿ ಊರಿದೆ. ಸಸಿ ಬಹಳ ಎದ್ದವು. ಇರುವೆ, ಕೋತಿ, ಬಿಸಿಲು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಅತಿ ಆರೈಕೆ, ಇಷ್ಟನ್ನೂ ದಾಟಿ ಬದುಕಿದ್ದು ಒಂದೇ. ಅದಕ್ಕೆ ತಂತಿ ಸುತ್ತಿದೆ, ತುದಿ ಚಿವುಟಿದೆ, ಬೇರು ಕತ್ತರಿಸಿದೆ, ಅಗಲವಾದ ಗಿಡ್ಡ ಚಟ್ಟಿಯಲ್ಲಿ ಕೂರಿಸಿದೆ. ಹೀಗೇ ಹತ್ತು ವರ್ಷದ ಮೇಲಾಯಿತು.

ಬೀದಿಯವರಿಗೆ ಇದು ಹಿಡಿಸಲಿಲ್ಲ. ಮರವನ್ನು ಕುಳ್ಳಗೆ ಮಾಡಿ ಮನೆಯಲ್ಲಿಟ್ಟರೆ ಮನೆಯ ಏಳಿಗೆಯೂ ಕುಳ್ಳಗಾಗುತ್ತದೆ ಎಂದು ಎದುರುಮನೆಯಾಕೆ ಕಾಳಜಿಯಿಂದಲೇ ಹೇಳಿದರು. ಹುಣಿಸೆಯಲ್ಲಿ ದೆವ್ವ ಇರುತ್ತದೆ ಎಂದವರೂ ಉಂಟು. ಮೊಣಕಾಲೆತ್ತರದ ಮರದಲ್ಲಿ ಇರಬಹುದಾದ ದೆವ್ವಕ್ಕೆ ನಾನು ಹೆದರಲಿಲ್ಲ. ಸಂಜೆ ಆಗುತ್ತಿದ್ದಂತೆ ಅದು ಎಲೆಗಳನ್ನು ಜೋಡಿಸಿಕೊಂಡು ನಿದ್ದೆಗೆ ಹೊರಡುವುದನ್ನು ನೋಡುತ್ತ ತಾರಸಿಯ ಮೇಲೆ ಕೂರುವುದು ನನಗೆ ದಿನದ ಒಳ್ಳೆಯ ಹೊತ್ತಾಗಿತ್ತು.

ಜಗಳ ಶುರುವಾಗಿದ್ದು ಸೊರಬದ ಕಡೆ ರಸ್ತೆ ಅಗಲ ಮಾಡಿದಾಗ. ಬದುವಿನ ಮರ ಹೋಯಿತು. ಸುಮಿತ್ರಾ ನಮ್ಮ ಮನೆಗೆ ಬಂದವಳು ಕಾಫಿಯನ್ನೂ ಕುಡಿಯದೆ ನೇರ ತಾರಸಿ ಹತ್ತಿದಳು. ಅವಳು ಹುಟ್ಟಿದ್ದು ಇದೇ ಶಿಕಾರಿಪುರದ ಮನೆಯಲ್ಲಿ. ಸೊರಬದ ಸೊಸೆಯಾದ ಮೇಲೆ ಅವಳ ಬಾಯಲ್ಲಿ ‘ಏನು’ ಹೋಗಿ ‘ಎಂತ’ ಬಂದಿದೆ.

“ಎಂತ ಅತ್ತಿಗೆ ಇದು. ನಮ್ಮ ಮರದ ಸಂತಾನ ಅಂತ ಭೂಮಿ ಮೇಲೆ ಇದೊಂದೇ ಉಳದಿರೋದು. ಅದನ್ನ ಹಿಂಗೆ ಕೈಕಾಲು ಕಟ್ಟಿ ಕೂರಿಸೀರಿ. ಕೊಡಿ ನಂಗೆ, ಬದುವಿಗೆ ಹಾಕ್ತೆ.”

“ಹತ್ತು ವರ್ಷ ನೀರು ಹಾಕಿದಾಕಿ ನಾನು,” ಅಂದೆ. “ಬೀಜ ನಿಂದಾದ್ರ ಗಿಡಾನೂ ನಿಂದಾಕ್ಕತೇನು?”

ಅಲ್ಲಿಂದ ಮುಂದೆ ಹಬ್ಬಕ್ಕೆ ಬಂದರೂ ಅದೇ ಮಾತು, ಫೋನ್ ಮಾಡಿದರೂ ಅದೇ ಮಾತು. ಅವಳಿಗೆ ಆ ಬದುವಿನ ಮೇಲೆ ಮರ ಇಲ್ಲದ್ದು ನಿಜಕ್ಕೂ ನೋವಾಗಿತ್ತು, ಅದು ನನಗೆ ಕಾಣುತ್ತಿತ್ತು. ನನಗೂ ಗಿಡ ಬಿಟ್ಟುಕೊಡುವುದು ನಿಜಕ್ಕೂ ಆಗುತ್ತಿರಲಿಲ್ಲ. ಕೊನೆಗೆ ನಾನೇ ಒಂದು ಮಾತು ಆಡಿದೆ. ಇದು ಬೋನ್ಸಾಯ್ ಹೌದೋ ಅಲ್ಲವೋ ಬಲ್ಲವರು ಹೇಳಲಿ. ಹೌದು ಅಂದರೆ ಗಿಡ ನನ್ನ ಚಟ್ಟಿಯಲ್ಲೇ ಇರುತ್ತದೆ, ಅಲ್ಲ ಅಂದರೆ ಸೊರಬದ ಬದುವಿಗೆ ಹೋಗುತ್ತದೆ. ಸುಮಿತ್ರಾ ಒಪ್ಪಿದಳು. ಬಲ್ಲವರು ಯಾರು ಎಂಬ ಪ್ರಶ್ನೆಗೆ ಶಿವಮೊಗ್ಗದವರೆಗೆ ಹುಡುಕಿದರೂ ಉತ್ತರ ಸಿಗಲಿಲ್ಲವಾದ್ದರಿಂದ ಮಾತು ಅಲ್ಲಿಗೇ ನಿಂತಿತ್ತು.

ಅಷ್ಟರಲ್ಲಿ ನಮ್ಮ ಕಡೆಯ ಕೆಲವರು ಗುಂಪು ಕಟ್ಟಿಕೊಂಡು ಜಪಾನ್ ಪ್ರವಾಸ ಹೊರಟರು. ಯಜಮಾನರು ಹೆಸರು ಕೊಟ್ಟವರು ಕೊನೆಯಲ್ಲಿ ಹಿಂದೆ ಸರಿದರು. “ಬಿಚ್ಚಿ ನೋಡದ ಮೋಟರ್ ನಂಬಿ ನಾ ಆಕಾಶಕ್ಕ ಹೋಗಂಗಿಲ್ಲ,” ಅಂದರು. ಆ ಜಾಗಕ್ಕೆ ಸುಮಿತ್ರಾ ಬಂದಳು. ನ್ಯಾಯಕ್ಕೆ ಎರಡೂ ಪಕ್ಷದವರು ಹಾಜರಿರಬೇಕಲ್ಲ.

ವಿಮಾನ ನಿಲ್ದಾಣ

ಗಿಡವನ್ನು ಒಯ್ಯಲು ಬಿಡುವುದಿಲ್ಲ ಎಂದು ಗೊತ್ತಿತ್ತು. ಅದರ ಫೋಟೊ ನಾಲ್ಕು ದಿಕ್ಕಿನಿಂದ ತೆಗೆಸಿ, ದೊಡ್ಡದು ಮಾಡಿಸಿ, ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಹಾಕಿಸಿದ್ದೆ. ಅಂಗಡಿಯವನು, “ಯಾರ್ದಾದ್ರೂ ವರ್ಷದ ಪುಣ್ಯತಿಥಿ ಏನ್ರೀ?” ಎಂದು ವಿಚಾರಿಸಿದ್ದ.

ನಾನು ಇಷ್ಟು ಎಚ್ಚರದಿಂದಿದ್ದರೆ ಸುಮಿತ್ರಾ ಸೀರೆಯ ಮಡಿಕೆಯಲ್ಲಿ ಹುಣಿಸೆಹಣ್ಣಿನ ಉಂಡೆ ಇಟ್ಟು ತಂದಿದ್ದಳು. ಕಡಿದುಹೋದ ಮರದ ಕೊನೆಯ ಬೇಸಿಗೆಯ ಹಣ್ಣು, ಉಪ್ಪು ಹಾಕಿ ಇಟ್ಟದ್ದು, ಕಲ್ಲಿದ್ದಲಿನಷ್ಟು ಕಪ್ಪಾಗಿತ್ತು. ಹೋಟೆಲಿನ ನೀರು ಕಾಯಿಸುವ ಜಗ್ಗಿನಲ್ಲಿ ಸಾರು ಮಾಡುವ ಯೋಜನೆ ಅವಳದು. ಟೋಕಿಯೊದಲ್ಲಿ ಇಳಿದ ಮೇಲೆ ಬಿಳಿ ಕೈಗವಸಿನ ಯುವಕನೊಬ್ಬ ಅದನ್ನು ಎರಡು ಬೆರಳಿನಲ್ಲಿ ಎತ್ತಿದ, ಹಿಸುಕಿದ, ಒಳಗಿನಿಂದ ಒಂದು ಬೀಜ ಇಣುಕಿತು. ಬೀಜ ದೇಶದೊಳಕ್ಕೆ ಬರುವಂತಿಲ್ಲ ಎಂದು ಅವನು ಚಿತ್ರಗಳಿರುವ ಹಾಳೆ ತೋರಿಸಿ ವಿವರಿಸಿದ. ಆಮೇಲೆ ಉಂಡೆಯನ್ನು ಒಂದು ತಟ್ಟೆಯಲ್ಲಿಟ್ಟು, ಸೊಂಟದವರೆಗೆ ಬಾಗಿ ಅವಳಿಗೆ ನಮಸ್ಕರಿಸಿದ.

“ಕಿತ್ಕಳೋನೇ ಕೈ ಮುಗಿದ್ರೆ ಜಗಳ ಹೆಂಗೆ ಆಡೋದು ಅತ್ತಿಗೆ,” ಎಂದು ಸುಮಿತ್ರಾ ಪೇಚಾಡಿಕೊಂಡಳು. ಆ ದೇಶದಲ್ಲಿ ಇದ್ದಷ್ಟು ದಿನವೂ ಅವಳಿಗೆ ಇದೇ ತೊಂದರೆಯಾಯಿತು. ಜಗಳಕ್ಕೆ ಬೇಕಾದ ಕಾರಣಗಳು ಸಿಗುತ್ತಿದ್ದವು, ಎದುರಾಳಿ ಸಿಗುತ್ತಿರಲಿಲ್ಲ.

ಟೋಕಿಯೊದಿಂದ ಉತ್ತರಕ್ಕೆ, ರೈಲಿನಲ್ಲಿ

ಗುಂಪಿನವರಿಗೆ ಒಂದು ದಿನ ಪೂರ್ತಿ ಪೇಟೆ ಸುತ್ತಲು ಬಿಟ್ಟಿದ್ದರು. ಮಿಕ್ಕವರೆಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಕಡೆ ಹೊರಟಾಗ ನಾವಿಬ್ಬರು ಓಮಿಯಾ ಎಂಬ ಊರಿಗೆ ರೈಲು ಹತ್ತಿದೆವು. ಬೋನ್ಸಾಯ್ ಬೆಳೆಯುವ ಮನೆಗಳು ಸಾಲಾಗಿ ಇರುವ ಬಡಾವಣೆ ಅಲ್ಲುಂಟು.

ರೈಲು ಬಂದು ಬಾಗಿಲು ತೆರೆಯುವುದೇ ತಡ ಸುಮಿತ್ರಾ ಒಳಗೆ ನುಗ್ಗಿ, ಖಾಲಿ ಸೀಟೊಂದರ ಮೇಲೆ ತನ್ನ ಟವೆಲ್ ಎಸೆದಳು. ಶಿರಾಳಕೊಪ್ಪದ ಬಸ್ಸಿಗೆ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದ ಕೈ ಅದು, ಗುರಿ ತಪ್ಪಲಿಲ್ಲ. ಆದರೆ ಅಲ್ಲಿ ಪೈಪೋಟಿಗೆ ಯಾರೂ ಇರಲಿಲ್ಲ. ಹತ್ತಿದವರೆಲ್ಲ ಆ ಟವೆಲ್ ಕಡೆ ಒಮ್ಮೆ ನೋಡಿ, ಅದಕ್ಕೇನೋ ಅರ್ಥವಿರಬೇಕೆಂದು ಅದರ ಅಕ್ಕಪಕ್ಕದ ಸೀಟುಗಳನ್ನೂ ಬಿಟ್ಟು ದೂರ ನಿಂತರು. ನಾವಿಬ್ಬರೂ ಮೂವರ ಜಾಗದಲ್ಲಿ ಮೈ ಮುದುಡಿಕೊಂಡು ಕುಳಿತೆವು. ಇಡೀ ಬೋಗಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಸುಮಿತ್ರಾ ನನ್ನ ಕಿವಿಯ ಬಳಿ ಬಾಯಿ ತಂದು, “ಯಾರಾದ್ರೂ ತೀರ್ಕಂಡಾರಾ?” ಎಂದು ಕೇಳಿದಳು.

ಓಮಿಯಾ

ಆ ಬಡಾವಣೆಯ ಬೀದಿಗಳು ಎಷ್ಟು ಶುಚಿಯಾಗಿದ್ದವೆಂದರೆ ಚಪ್ಪಲಿ ಹಾಕಿ ನಡೆಯಲು ಸಂಕೋಚವಾಯಿತು. ಮೊದಲ ಒಂದೆರಡು ತೋಟಗಳಲ್ಲಿ ಫೋಟೊ ತೆಗೆಯಬೇಡಿ ಎಂಬ ಫಲಕ ಇತ್ತು. ಲ್ಯಾಮಿನೇಶನ್ ಹಾಕಿದ ಫೋಟೊ ತೋರಿಸಬಹುದೇ ಎಂದು ಯಾವ ಫಲಕದಲ್ಲೂ ಬರೆದಿರಲಿಲ್ಲ. ಮೂರನೆಯದರ ಗೇಟು ತೆರೆದಿತ್ತು. ಎಂಬತ್ತು ದಾಟಿದಂತೆ ಕಾಣುವ, ಬೆನ್ನು ಬಾಗಿದ ಹೆಂಗಸೊಬ್ಬರು ಅಂಗಳದಲ್ಲಿ ಬಿದ್ದ ಪೈನ್ ಸೂಜಿಯೆಲೆಗಳನ್ನು ಗುಡಿಸುತ್ತಿದ್ದರು. ಅವರ ಹೆಸರು ಮಿಚಿಕೊ. ತೋಟ ಅವರದೇ.

ಮಾತಿಗೆ ನಮ್ಮ ಬಳಿ ಇದ್ದದ್ದು ಫೋನಿನ ಅನುವಾದದ ಆಪ್. ನಾವು ಕನ್ನಡದಲ್ಲಿ ಹೇಳಿದ್ದನ್ನು ಅದು ಜಪಾನಿಯಲ್ಲಿ ಉಸುರುತ್ತಿತ್ತು, ಅವರು ಹೇಳಿದ್ದನ್ನು ಕನ್ನಡಕ್ಕೆ ತರುತ್ತಿತ್ತು. ಅದರ ಕನ್ನಡ ತಾಲ್ಲೂಕು ಕಚೇರಿಯ ಸುತ್ತೋಲೆಯದು. “ದಯವಿಟ್ಟು ಆಸೀನರಾಗಿ. ಚಹಾ ಲಭ್ಯವಿದೆ,” ಎಂದಿತು. ಆಸೀನರಾದೆವು. ಚಹಾ ಹಸಿರಾಗಿತ್ತು, ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಸುಮಿತ್ರಾ ಅದನ್ನು ಕಷಾಯವೆಂದು ತಿಳಿದು ಒಂದೇ ಗುಟುಕಿಗೆ ಕುಡಿದಳು. ಒಳ್ಳೆಯದಾಯಿತೆಂದು ಅವರು ಮತ್ತೆ ತುಂಬಿದರು.

ಸುತ್ತ ಹಲಗೆಗಳ ಮೇಲೆ ಮರಗಳು. ನಾನು ಹತ್ತು ವರ್ಷ ಫೋನಿನಲ್ಲಿ ನೋಡಿದ್ದೆಲ್ಲ ಎದುರಿಗೆ ಇತ್ತು, ಕೈ ಚಾಚಿದರೆ ಮುಟ್ಟಬಹುದಿತ್ತು. ಚೀಲದಿಂದ ಫೋಟೊ ತೆಗೆದು ಎರಡೂ ಕೈಯಿಂದ ಕೊಟ್ಟೆ. ಬೀಜದಿಂದಲೇ ಬೆಳೆಸಿದ್ದು, ಇದು ಬೋನ್ಸಾಯ್ ಹೌದೋ ಅಲ್ಲವೋ ತಾವು ಹೇಳಬೇಕು ಎಂದು ಫೋನಿಗೆ ಹೇಳಿದೆ.

ಮಿಚಿಕೊ ಫೋಟೊವನ್ನು ಎತ್ತಿ ಹಿಡಿದರು. ಅವರ ಹುಬ್ಬು ಮೇಲೆ ಹೋಯಿತು, ಬಾಯಿಂದ ಉದ್ದನೆಯ ರಾಗವೊಂದು ಬಂತು. “ಅದ್ಭುತವಾಗಿದೆ. ಬಹಳ ಪರಿಶ್ರಮ. ತಾವು ಸಹನಾಶೀಲರು,” ಎಂದಿತು ಫೋನು.

ನಾನು ಸುಮಿತ್ರಾಳ ಕಡೆ ನೋಡಲಿಲ್ಲ. ನೋಡದೆಯೂ ಅವಳ ಮುಖ ಹೇಗಾಗಿದೆ ಎಂದು ತಿಳಿಯುತ್ತಿತ್ತು. ಅವಳು ಚೀಲದಿಂದ ಒಂದು ರವಿಕೆ ಕಣ ತೆಗೆದು ಮಿಚಿಕೊ ಅವರ ಕೈಗಿಟ್ಟಳು. ನಮ್ಮಲ್ಲಿ ರವಿಕೆ ಕಣ ಹೊಲಿಸುವುದಕ್ಕಲ್ಲ, ಕೈಯಿಂದ ಕೈಗೆ ದಾಟಿಸುವುದಕ್ಕೆ. ಇದೂ ಎಷ್ಟು ಮನೆ ಸುತ್ತಿ ಬಂದಿತ್ತೋ, ಈಗ ಸಮುದ್ರವನ್ನೂ ದಾಟಿತು. ಬರಿಗೈಲಿ ಬಂದವರ ಹಾಗೆ ಎದ್ದು ಹೋಗಬಾರದೆಂಬ ಎಚ್ಚರ ಸೋತಾಗಲೂ ಅವಳಿಗಿತ್ತು.

ದಾರಿ ಕೇಳಲು ಹೋಟೆಲಿನ ಕಾರ್ಡ್ ತೋರಿಸಿದೆವು. ಸ್ಟೇಶನ್ನಿಗೆ ಹೇಗೆ ಹೋಗಬೇಕೆಂದು ಅವರು ಕೈಸನ್ನೆಯಲ್ಲಿ ಹೇಳಿದರು. ಗೇಟಿನ ಬಳಿ ಬೀಳ್ಕೊಡುಗೆ ಶುರುವಾಯಿತು. ಅವರು ಬಾಗಿದರು, ನಾವೂ ಬಾಗಿದೆವು. ನಾವು ಬಾಗಿದೆವೆಂದು ಅವರು ಇನ್ನಷ್ಟು ಬಾಗಿದರು. ಬಾಗಿಲಲ್ಲಿ ನಿಂತು ಮಾತು ಮುಗಿಸಲಾಗದಿರುವುದರಲ್ಲಿ ಅವರೂ ನಾವೂ ಒಂದೇ ಕುಲ ಅನ್ನಿಸಿತು. ಸುಮಿತ್ರಾ ಫೋನಿಗೆ ಬಾಯಿಟ್ಟು, “ಬರ್ತೀವಮ್ಮ,” ಅಂದಳು. ಫೋನು ಏನೋ ಹೇಳಿತು. ಮಿಚಿಕೊ ಅವರ ಕಣ್ಣು ಅರಳಿತು. ಅವರು ಏನೋ ಕೇಳಿದರು.

“ಯಾವಾಗ ಬರುವಿರಿ?” ಎಂದಿತು ಫೋನು.

ಹೊರಟವರನ್ನು ನಮ್ಮಲ್ಲೂ ಹೀಗೇ ಕೇಳುತ್ತಾರೆ. ಸುಮಿತ್ರಾ ನಮ್ಮಲ್ಲಿ ಹೇಳುವ ಹಾಗೇ ಹೇಳಿದಳು. “ನಾಳೆ ಬಂದ್ರಾಯ್ತಮ್ಮ, ಎಲ್ಲಿ ಹೋಗ್ತೀವಿ ನಾವು.”

ಮಿಚಿಕೊ ತುಂಬ ಹೊತ್ತು ಬಾಗಿದರು. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗಲೂ ಬಾಗಿಯೇ ಇದ್ದರು.

ರೈಲಿನಲ್ಲಿ ಸುಮಿತ್ರಾ ಟವೆಲ್ ಎಸೆಯಲಿಲ್ಲ. ನಿಂತೇ ಬಂದಳು. “ಆಯ್ತು ಬಿಡಿ ಅತ್ತಿಗೆ. ಗಿಡ ನಿಮ್ದೇ. ಇನ್ನು ಆ ಮಾತು ಎತ್ತಾದಿಲ್ಲ,” ಅಂದಳು. ಗೆದ್ದವಳಿಗೆ ಆಗಬೇಕಾದ ಖುಷಿ ನನಗೆ ಆಗಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಮರುದಿನ, ಫುಜಿಯ ಬಸ್ಸು

ಬೆಳಿಗ್ಗೆ ಹೋಟೆಲಿನ ಎದುರು ಫುಜಿಗೆ ಹೊರಟ ಬಸ್ಸಿನಲ್ಲಿ ಗುಂಪಿನವರೆಲ್ಲ ಕುಳಿತಾಗಿತ್ತು. ನನ್ನ ಒಂದು ಕಾಲು ಮೆಟ್ಟಿಲ ಮೇಲಿತ್ತು. ಹೋಟೆಲಿನ ಹುಡುಗಿ ಓಡಿಬಂದು ನಮ್ಮ ಟೂರಿನ ಮ್ಯಾನೇಜರನಿಗೆ ಏನೋ ಹೇಳಿದಳು. ಅವನು ಹಾವೇರಿ ಕಡೆಯವನು, ಇಡೀ ಪ್ರವಾಸ ನಮ್ಮಿಬ್ಬರನ್ನು ಎಣಿಸುವುದರಲ್ಲೇ ಸುಸ್ತಾಗಿದ್ದ.

“ಆಂಟಿ, ಓಮಿಯಾದಿಂದ ಯಾರೋ ಅಜ್ಜಿ ಫೋನ್ ಮಾಡ್ಯಾರಂತ್ರಿ. ನೀವು ಇವತ್ತು ಬರ್ತೀವಿ ಅಂದಿದ್ರಂತ. ಬೆಳಕಾಗೋ ಮೊದ್ಲ ಗೇಟ್ ತಗದು ಕಾಯಾಕತ್ಯಾರಂತ. ನಿಮಗೇನರ ಆರಾಮ ತಪ್ಪೇತೇನು ಅಂತ ಕೇಳಾಕತ್ಯಾರಂತ.”

ಹೋಟೆಲಿನ ಕಾರ್ಡನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದಿದ್ದೆವು.

“ನಾ ಬರ್ತೀವಿ ಅಂದದ್ದು ಹೌದು,” ಎಂದಳು ಸುಮಿತ್ರಾ, ಮುಖ ಬಿಳಿಚಿಕೊಂಡು. “ಹೊರಡೋವಾಗ ಹೋಗ್ತೀವಿ ಅಂತ ಯಾರಾದ್ರೂ ಅಂತಾರಾ ಅತ್ತಿಗೆ? ಅಪಶಕುನ.”

ಹೋಗುತ್ತೇನೆ ಎನ್ನಬಾರದೆಂದು ಬರುತ್ತೇನೆ ಎನ್ನುವ ನಾಲಿಗೆ ನಮ್ಮದು. ಅದನ್ನು ಕೇಳಿದವರು ನಿಜವಾಗಿ ಕಾಯುತ್ತ ಕೂರಬಹುದೆಂದು ನಮ್ಮ ಅಜ್ಜಿ ಮುತ್ತಜ್ಜಿಯರು ಯಾರೂ ಯೋಚಿಸಿರಲಿಲ್ಲ. ಶಿಕಾರಿಪುರದಲ್ಲಿ ನನಗೆ ‘ನಾಳೆ ಬರ್ತೀನ್ರಿ’ ಎಂದು ಹೋದವರಿಗೆಲ್ಲ ನಾನು ಗೇಟು ತೆಗೆದು ಕಾದಿದ್ದರೆ ಮನೆಯೊಳಗೆ ಕಾಲಿಡಲು ಪುರಸೊತ್ತೇ ಇರುತ್ತಿರಲಿಲ್ಲ.

“ಫೋನ್‌ನಾಗ ಸಾರಿ ಹೇಳಿಬಿಡ್ಲೇನ್ರಿ?” ಎಂದು ಮ್ಯಾನೇಜರ್ ಕೇಳಿದ. “ಫುಜಿ ಇವತ್ತೊಂದ ದಿನ ಐತ್ರಿ. ಮೋಡಾನೂ ಇಲ್ಲ.”

ಸುಮಿತ್ರಾ ಆಗಲೇ ಸ್ಟೇಶನ್ನಿನ ಕಡೆ ನಡೆಯತೊಡಗಿದ್ದಳು. ಅವಳ ಬೆನ್ನು ನೋಡುತ್ತ ನಾನೂ ಮೆಟ್ಟಿಲಿಳಿದೆ. ಬಸ್ಸಿನ ಕಿಟಕಿಯಿಂದ ಗುಂಪಿನವರು ನಮ್ಮತ್ತ ನೋಡಿದ ನೋಟ ಮರೆಯುವಂಥದ್ದಲ್ಲ.

ಮತ್ತೆ ಓಮಿಯಾ

ಮಿಚಿಕೊ ಗೇಟಿನಲ್ಲೇ ನಿಂತಿದ್ದರು. ನಮ್ಮನ್ನು ಕಂಡು ಕೈ ಎದೆಯ ಮೇಲಿಟ್ಟುಕೊಂಡರು. ತಡವಾಗಿದ್ದಕ್ಕೆ ನಾವು ಕ್ಷಮೆ ಕೇಳಿದೆವು, ಬೇಗ ಎದ್ದಿದ್ದಕ್ಕೆ ಅವರು ಕ್ಷಮೆ ಕೇಳಿದರು. ಒಳಗೆ ಮೇಜಿನ ಮೇಲೆ ಅನ್ನದ ಉಂಡೆಗಳ ಡಬ್ಬಿಯೊಂದು ನಿನ್ನೆಯ ರವಿಕೆ ಕಣದಲ್ಲಿ ಚಂದವಾಗಿ ಗಂಟು ಹಾಕಿಸಿಕೊಂಡು ಕುಳಿತಿತ್ತು. ಆ ರವಿಕೆ ಕಣ ತನ್ನ ಇಡೀ ಜೀವಮಾನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂದಿತ್ತು.

ಊಟವಾಯಿತು. ಮಿಚಿಕೊ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಫೋಟೊ ಕೊಡಿ ಎಂದು ಕೈ ಚಾಚಿದರು. ನಿನ್ನೆ ಅವರು ಕನ್ನಡಕ ಹಾಕಿರಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬಂತು. ಈ ಸಲ ರಾಗ ಬರಲಿಲ್ಲ. ನಾಲ್ಕೂ ಫೋಟೊಗಳನ್ನು ಒಂದೊಂದಾಗಿ ನೋಡಿ, ಮೇಜಿನ ಮೇಲೆ ಸಾಲಾಗಿಟ್ಟು, ನಿಧಾನವಾಗಿ ಮಾತಾಡಿದರು.

“ನಿನ್ನೆ ತಾವು ಹಾದುಹೋಗುವವರು. ಇಂದು ತಾವು ಬಂದವರು. ಬಂದವರಿಗೆ ಸಿಹಿ ಮಾತು ಹೇಳಿ ಕಳಿಸುವುದು ಸರಿಯಲ್ಲ,” ಎಂದಿತು ಫೋನು. ಆಮೇಲೆ, “ಇದು ಬೋನ್ಸಾಯ್ ಅಲ್ಲ. ಇದು ಪೆನ್ಸಿಲ್ ಆಗಿದೆ,” ಎಂದಿತು.

ಅನುವಾದ ತಪ್ಪಿರಬೇಕೆಂದು ನಾನು ಫೋನನ್ನು ಒರೆಸಿದೆ. ಅವರು ತಮ್ಮ ಕಿರುಬೆರಳು ಎತ್ತಿ ತೋರಿಸಿದರು. ಕಾಂಡ ಇಷ್ಟೇ ಇದೆ. ಬೀಜ ಮೊಳೆತ ಕೂಡಲೇ ಚಟ್ಟಿಯಲ್ಲಿ ಕೂರಿಸಿಬಿಟ್ಟಿದ್ದೀರಿ, ಚಿವುಟಿಬಿಟ್ಟಿದ್ದೀರಿ. ಚಟ್ಟಿಯಲ್ಲಿ ಕಾಂಡ ದಪ್ಪವಾಗುವುದಿಲ್ಲ. ಚಿಕ್ಕ ಗಿಡ ಬೇರೆ, ದೊಡ್ಡ ಮರ ಚಿಕ್ಕದಾಗಿ ಕಾಣುವುದು ಬೇರೆ. ಹತ್ತು ವರ್ಷ ಇದು ಉಪವಾಸ ಇದೆ. ಹೀಗೆ ಒಂದೊಂದೇ ವಾಕ್ಯವನ್ನು ಆ ಸುತ್ತೋಲೆಯ ದನಿ ಓದುತ್ತ ಹೋಯಿತು. ಎದುರುಮನೆಯಾಕೆಗೆ ಕೊಡಬಹುದಾಗಿದ್ದ ಉತ್ತರಗಳೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ.

ಹಾಗಾದರೆ ಏನು ಮಾಡಬೇಕು ಎಂದು ಕೇಳಿದೆ.

“ನೆಲದಲ್ಲಿ ನೆಡಿ,” ಎಂದರು.

ಸುಮಿತ್ರಾ ಕುಳಿತಲ್ಲಿಂದ ಎದ್ದೇಬಿಟ್ಟಳು. “ಕೇಳಿದ್ರಾ ಅತ್ತಿಗೆ? ನಾ ಎಂತ ಹೇಳಿದ್ದೆ? ದೇವರಂಥೋಳು ಈ ಅಮ್ಮ.” ಮಿಚಿಕೊ ಅವರ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಅವರು ನಕ್ಕು, ಕೂರುವಂತೆ ಸನ್ನೆ ಮಾಡಿದರು. ಮಾತು ಇನ್ನೂ ಮುಗಿದಿರಲಿಲ್ಲ.

ಬೇರಿನ ಕೆಳಗೆ ಒಂದು ಚಪ್ಪಟೆ ಹಂಚು ಇಟ್ಟು ನೆಡಬೇಕು, ಆಗ ಬೇರು ಆಳಕ್ಕೆ ಹೋಗದೆ ಸುತ್ತ ಹರಡುತ್ತದೆ. ಹತ್ತು ವರ್ಷ ಮುಟ್ಟಬಾರದು, ಹೇಗೆ ಬೇಕೋ ಹಾಗೆ ಬೆಳೆಯಲಿ. ಕಾಂಡ ತೊಡೆಯಷ್ಟು ದಪ್ಪವಾಗಲಿ. ಆಮೇಲೆ, ಎಂದು ಮಿಚಿಕೊ ಎದ್ದು, ತಮ್ಮ ಮೊಣಕಾಲಿಗಿಂತ ಕೆಳಗೆ ಅಂಗೈಯನ್ನು ಅಡ್ಡವಾಗಿ ಹಿಡಿದು, ಇಲ್ಲಿಗೆ ಸರಿಯಾಗಿ ಗರಗಸ ಹಾಕಬೇಕು, ಅಂದರು. ಮೇಲಿನದೆಲ್ಲ ಹೋಗಬೇಕು. ಉಳಿದ ಮೋಟಿನಿಂದ ಬರುವ ಚಿಗುರಿನಲ್ಲಿ ಬೋನ್ಸಾಯ್ ಶುರುವಾಗುತ್ತದೆ.

ಸುಮಿತ್ರಾ ಇನ್ನೂ ಹಿಡಿದೇ ಇದ್ದ ಅವರ ಇನ್ನೊಂದು ಕೈಯನ್ನು ಬಿಟ್ಟಳು.

“ಕಡಿಯೋದಾ?” ಅಂದಳು. ಫೋನು ಅದನ್ನು ಜಪಾನಿ ಭಾಷೆಗೆ ತಿರುಗಿಸಿತು. ಮಿಚಿಕೊ ತಲೆಯಾಡಿಸಿದರು. ಹಲಗೆಯ ಮೇಲಿನ ಮರಗಳನ್ನು ಒಂದೊಂದಾಗಿ ತಿರುಗಿಸಿ ಹಿಂಬದಿ ತೋರಿಸಿದರು. ಎಲ್ಲದರ ಬೆನ್ನಿನಲ್ಲೂ ಒಂದು ಹಳೆಯ ಕಡಿತದ ಗುರುತು ಮುಚ್ಚಿಕೊಂಡು ಬಂದಿತ್ತು. ಫೋನಿನಲ್ಲಿ ಯಾವ ಫೋಟೊದವರೂ ಆ ಬದಿಯನ್ನು ತೋರಿಸಿರಲಿಲ್ಲ.

“ಹತ್ತು ವರ್ಷ ಕಣ್ಣೆದುರಿಗೆ ಬೆಳೆಸಿ, ಆಮೇಲೆ ಕಡಿಯೋಕೆ ನಿಂಗೆ ಹೆಂಗಮ್ಮ ಕೈ ಬರ್ತದೆ?” ಎಂದು ಸುಮಿತ್ರಾ ಕೇಳಿದಳು. ಅದು ನಮ್ಮ ಪಂದ್ಯಕ್ಕೆ ಸಂಬಂಧಿಸಿದ ಪ್ರಶ್ನೆಯಾಗಿರಲಿಲ್ಲ.

ಮಿಚಿಕೊ ನಮ್ಮನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಗೋಡೆಗೆ ತಾಗಿಕೊಂಡು ಒಂದು ಪೈನ್ ಮರ ಛಾವಣಿಯನ್ನು ದಾಟಿ ನಿಂತಿತ್ತು. ಬೋನ್ಸಾಯ್ ತೋಟದಲ್ಲಿ ಅಷ್ಟು ದೊಡ್ಡ ಮರ ಮದುವೆ ಮನೆಗೆ ಬಂದ ಗೂಳಿಯ ಹಾಗೆ ಕಾಣುತ್ತಿತ್ತು. ಅವರು ಅದರ ಕಾಂಡಕ್ಕೆ ಬೆನ್ನು ಕೊಟ್ಟು ಹೇಳತೊಡಗಿದರು, ಫೋನು ಹಿಂದಿನಿಂದ ಹೇಳುತ್ತ ಬಂತು. ಕಡಿಯುವ ಕೆಲಸ ಅವರ ಗಂಡನದಂತೆ. ಆ ದಿನ ಮಿಚಿಕೊ ಕಿಟಕಿ ಮುಚ್ಚಿಕೊಂಡು ಒಳಗಿರುತ್ತಿದ್ದರಂತೆ. ಈ ಪೈನನ್ನೂ ಗಂಡ ಹೆಂಡತಿ ಸೇರಿ ಬೀಜ ಹಾಕಿ, ದಪ್ಪವಾಗಲೆಂದು ನೆಲಕ್ಕಿಟ್ಟಿದ್ದರು. ಕಡಿಯಬೇಕಾದ ವರ್ಷ ಗಂಡ ತೀರಿಕೊಂಡರು. ಗರಗಸ ತೆಗೆದುಕೊಂಡು ಬಂದು ಎಷ್ಟೋ ಸಲ ನಿಂತರಂತೆ. ಈಗ ಅಕ್ಕಪಕ್ಕದವರು ಸೂಜಿಯೆಲೆ ಬೀಳುತ್ತದೆಂದು ದೂರುತ್ತಾರೆ. ದಿನಾ ಬೆಳಿಗ್ಗೆ ಅವರ ಅಂಗಳವನ್ನೂ ಇವರೇ ಗುಡಿಸಿ ಬರುತ್ತಾರೆ.

“ಕಸುಬಿನವರ ದೃಷ್ಟಿಯಲ್ಲಿ ಇದು ನಾಚಿಕೆಗೇಡು,” ಎಂದಿತು ಫೋನು, ಅದೇ ದನಿಯಲ್ಲಿ.

ಸುಮಿತ್ರಾ ಆ ಮರದ ತೊಗಟೆಯ ಮೇಲೆ ಅಂಗೈ ಇಟ್ಟು ನಿಂತಳು. ಅವಳ ಕಣ್ಣಿನಲ್ಲಿ ನೀರಿತ್ತು. ನನಗೂ ತಡೆಯಲಾಗಲಿಲ್ಲ. ನ್ಯಾಯ ಹೇಳಲು ಕೂತವರೇ ತಮ್ಮ ಹಿತ್ತಲಿನಲ್ಲಿ ನ್ಯಾಯ ಮುರಿದುಕೊಂಡು ಕೂತಿದ್ದರು, ಅದರಿಂದ ಅವರ ಮೇಲೆ ನಮ್ಮಿಬ್ಬರಿಗೂ ಪ್ರೀತಿ ಹೆಚ್ಚಿತು. ಹೊರಡುವಾಗ ಸುಮಿತ್ರಾ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಬರ್ತೀವಿ ಎನ್ನುವ ಧೈರ್ಯ ಇಲ್ಲ, ಹೋಗ್ತೀವಿ ಎನ್ನುವ ನಾಲಿಗೆ ಇಲ್ಲ. ಮಿಚಿಕೊ ಅವರ ಎರಡೂ ಕೈ ಹಿಡಿದುಕೊಂಡು ಸುಮ್ಮನೆ ನಿಂತಳು.

ಸೊರಬ

ಮಳೆ ಹಿಡಿಯುತ್ತಿದ್ದಂತೆ ಗಿಡವನ್ನು ಸೊರಬಕ್ಕೆ ಒಯ್ದೆವು. ಸೋತ ಮೇಲೆ ಮಾತಿಗೆ ತಪ್ಪಬಾರದು. ಯಜಮಾನರು ಕಟಿಂಗ್ ಪ್ಲೇಯರ್ ತಂದು, ಗಿಡಕ್ಕೆ ಸುತ್ತಿದ್ದ ತಂತಿಯನ್ನು ಕೂತು ಬಿಡಿಸಿದರು. ಅಲ್ಲಲ್ಲಿ ತಂತಿ ತೊಗಟೆಯೊಳಗೇ ಕಚ್ಚಿಕೊಂಡಿತ್ತು. “ಮೋಟರ್ ವೈಂಡಿಂಗ್‌ನ್ಯಾಗೂ ಇಷ್ಟು ಬಿಗಿ ಸುತ್ತಂಗಿಲ್ಲ,” ಎಂದು ಗೊಣಗಿದರು.

ಬದುವಿನ ಮೇಲೆ, ರಸ್ತೆಯಿಂದ ಸಾಕಷ್ಟು ಒಳಗೆ ಗುಂಡಿ ತೋಡಿಯಾಗಿತ್ತು. ಸುಮಿತ್ರಾ ಮನೆಯ ಮಾಡಿನಿಂದ ಒಂದು ಹಂಚು ಇಳಿಸಿ ತಂದಿದ್ದಳು. ಅದರ ಮೇಲೆ ಬೇರನ್ನು ಸುತ್ತ ಹರಡಿ ಕೂರಿಸಿ, ಮಣ್ಣು ಎಳೆದೆವು. ತಾರಸಿಯ ಮೇಲೆ ಗಂಭೀರವಾಗಿ ಕಾಣುತ್ತಿದ್ದ ಗಿಡ ಅಷ್ಟು ದೊಡ್ಡ ಹೊಲದಲ್ಲಿ ಯಾರೋ ಚುಚ್ಚಿಟ್ಟ ಕಡ್ಡಿಯ ಹಾಗಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಆ ಗಿಡ ಈಗ ಎರಡು ಮಳೆಗಾಲ ಕಂಡಿದೆ. ನನ್ನ ಹತ್ತಿರ ಹತ್ತು ವರ್ಷದಲ್ಲಿ ಬೆಳೆಯದಷ್ಟು ಅಲ್ಲಿ ಎರಡರಲ್ಲಿ ಬೆಳೆದಿದೆ. ಹೋದ ತಿಂಗಳು ಹೋದಾಗ ಅದು ನನ್ನ ತಲೆಗಿಂತ ಎತ್ತರ ಇತ್ತು, ಹುಡುಗರ ತಲೆಗೂದಲಿನ ಹಾಗೆ ಎಲ್ಲ ಕಡೆ ಕೆದರಿಕೊಂಡಿತ್ತು. ಸಂಜೆಯಾಗುತ್ತಿತ್ತು. ನಾವಿಬ್ಬರೂ ಬದುವಿನ ಮೇಲೆ ಕೂತು ಅದು ಎಲೆ ಮಡಚುವುದನ್ನು ನೋಡುತ್ತಿದ್ದೆವು.

“ಹತ್ತು ವರ್ಷ ಆದಮ್ಯಾಲ ನೆನಪಿಟ್ಕಂಡು ಕಡೀಬೇಕವ್ವ,” ಅಂದೆ. “ಅಜ್ಜಿ ಹೇಳಿದ್ದು ಅರ್ಧ ಮಾತ್ರ ಕೇಳಿದ್ರ ಹೆಂಗ.”

ಸುಮಿತ್ರಾ ಮಣ್ಣಿನ ಹೆಂಟೆಯೊಂದನ್ನು ಪುಡಿ ಮಾಡುತ್ತ ಕೂತಿದ್ದಳು.

“ಕಡೀರಿ ಅತ್ತಿಗೆ. ಹತ್ತು ವರ್ಷ ನೀರು ಹಾಕಿದವ್ರು ನೀವು. ಗಿಡ ನಿಮ್ದೇ.”

“ನಂದ್ಯಾಕ?” ಅಂದೆ. “ಪಂದ್ಯ ಗೆದ್ದಾಕಿ ನೀನು. ಹೊಲ ನಿಂದು, ಬೀಜ ನಿಂದು. ಗಿಡಾನೂ ನಿಂದ.”

“ಇಲ್ಲ ಅತ್ತಿಗೆ. ನಿಮ್ದೇ.”